ಗಾಜಿಗೆ ಅಂಟಿದ್ದು

ರಸ್ತೆಯ ಈಚೆ ಬದಿಯಿಂದಲೇ ನೌಫಲ್‌ಗೆ ಕಂಡಿತು, ಕಾಣದಿದ್ದರೆ ಚೆನ್ನಾಗಿತ್ತು. ಲಸಾದನ ಕೆಫೆಯ ಮೂಲೆಯ ಮೇಜಿಗೆ ಷಾದ್ಲಿ ಕಾಕಾ ಒಬ್ಬರೇ ಕೂತಿದ್ದರು. ಮೇಜಿನ ಕೆಳಗೆ, ಮಂಡಿಗಳ ನಡುವೆ, ಅರ್ಧ ನೀರಿದ್ದ ಪ್ಲಾಸ್ಟಿಕ್ ಬಾಟಲಿಯೊಂದನ್ನು ಎರಡೂ ಕೈಯಲ್ಲಿ ಹಿಡಿದಿದ್ದರು. ಒಂದು ಕೈ ಕುತ್ತಿಗೆಗೆ, ಇನ್ನೊಂದು ತಳಕ್ಕೆ. ನಾಲ್ಕು ಸಲ ಕುಲುಕಿದರು, ನಿಲ್ಲಿಸಿದರು, ಒಳಗಿನ ನೀರು ನಿಂತಾಗ ಕೈಯೂ ನಿಂತಿದೆಯೇ ಎಂದು ಬಗ್ಗಿ ನೋಡಿದರು. ಮತ್ತೆ ನಾಲ್ಕು ಸಲ. ಮೂವತ್ತೊಂದು ವರ್ಷ ಪ್ರಯೋಗಾಲಯದಲ್ಲಿ ಗಾಜಿನ ಆಲಿಕೆಯನ್ನು ಹಿಡಿದ ಹಾಗೆಯೇ ಹಿಡಿದಿದ್ದರು, ಆದರೆ ಕದ್ದ ಮಾಲು ಮುಚ್ಚಿಡುವವರ ಹಾಗೆ ಮೇಜಿನ ಕೆಳಗೆ. ಆಲಿವ್ ಚೀಲ ಹೇರಿದ ಲಾರಿಯೊಂದು ನಡುವೆ ಬಂದು ನಿಂತಿತು. ನೌಫಲ್ ಅದರ ಮರೆಯಲ್ಲಿ ನಿಂತು ಮನಸ್ಸಿನಲ್ಲೇ ಅಂದುಕೊಂಡ: ಲಾರಿ ಹೋಗುವಷ್ಟರಲ್ಲಿ ಅವರು ಬಾಟಲಿ ಇಟ್ಟಿರಲಿ. ಲಾರಿ ಹೋಯಿತು. ಅವರು ಇಟ್ಟಿರಲಿಲ್ಲ.

ಒಳಗೆ ಹೋಗುವ ಮೊದಲು ಬಾಗಿಲಲ್ಲಿ ಬೇಕೆಂದೇ ಕೆಮ್ಮಿದ. ಮೇಜಿನ ಬಳಿ ಹೋದಾಗ ಬಾಟಲಿ ಮೇಜಿನ ಮೇಲಿತ್ತು, ನೀರಿನಲ್ಲಿ ಇನ್ನೂ ಗುಳ್ಳೆಗಳಿದ್ದವು.

"ಏನೋ, ಬಾಡಿಗೆ ಕೇಳೋಕೆ ಬಂದೋನ ಹಾಗೆ ನಿಂತಿದ್ದೀಯ. ಕೂತ್ಕೋ."

"ಬೆಳಗ್ಗೆ ಬೆಳಗ್ಗೆ ನೀರು ಕುಡೀತಿದ್ದೀರಾ ಕಾಕಾ?"

"ಡಾಕ್ಟರು ಹೇಳಿದಾನೆ," ಎಂದರು ಷಾದ್ಲಿ. ಸುಳ್ಳು ಹೇಳಿ ಅವರಿಗೆ ರೂಢಿಯಿರಲಿಲ್ಲ, ಹೇಳಿದ ಕೂಡಲೇ ಮೂಗು ಒರೆಸಿಕೊಂಡರು.

ಲಸಾದ್ ಕಾಫಿ ತಂದಿಟ್ಟು, "ನಿನ್ನ ಮುದುಕನಿಗೆ ಏನಾಗಿದೆಯೋ ನೌಫಲ್? ಎರಡು ದಿನದಿಂದ ಕಾಫಿ ಲೋಟ ಮುಟ್ಟಲ್ಲ. ನನ್ನ ಕಾಫಿ ಮೇಲೂ ಏನಾದ್ರೂ ಪರೀಕ್ಷೆ ಮಾಡಿದ್ರಾ, ವಿಷ ಸಿಕ್ತಾ?" ಎಂದ.

"ನಿನ್ನ ಕಾಫೀಲಿ ಕಾಫೀನೇ ಸಿಗಲ್ಲ, ವಿಷ ಎಲ್ಲಿಂದ ಬರಬೇಕು," ಎಂದರು ಷಾದ್ಲಿ. ಲಸಾದ್ ನಕ್ಕ. ನೌಫಲ್ ಕೂಡ ನಕ್ಕ, ನಗುವಾಗಲೇ ನೋಡಿದ: ಎರಡೂ ಕೈಯನ್ನು ಕೋಟಿನ ಜೇಬಿಗೆ ಹಾಕಿಕೊಂಡೇ ಷಾದ್ಲಿ ನಗುತ್ತಿದ್ದರು.

ಸ್ಫಾಕ್ಸ್ ಎಂಬ ಈ ಊರಿನ ಆಚೆ ಒಂದು ಕರಿಗಾಲುವೆ ಇದೆ. ಚಳಿಗಾಲದಲ್ಲಿ ಎಣ್ಣೆಗಾಣಗಳೆಲ್ಲ ಆಲಿವ್ ಅರೆದು ಉಳಿದ ಕಪ್ಪು ನೀರನ್ನು ಹೊಂಡಗಳಿಗೆ ಬಿಡುತ್ತವೆ, ಹೊಂಡ ತುಂಬಿ ಕಾಲುವೆಗೆ ಸೋರುತ್ತದೆ, ಕಾಲುವೆಯಲ್ಲಿ ಅದಕ್ಕೆ ಗ್ಯಾರೇಜಿನ ಎಣ್ಣೆ, ಲಾಂಡ್ರಿಯ ಸೋಪು, ಸ್ಫಾಕ್ಸ್‌ನ ಅರ್ಧ ಜನರ ಕೊಳೆ ಎಲ್ಲ ಸೇರಿ ಸಮುದ್ರಕ್ಕೆ ಹೋಗುತ್ತದೆ. ಆ ನೀರಿನಲ್ಲಿ ಡಾಂಬರಿನ ಜಾತಿಯ ವಿಷ ಎಷ್ಟಿದೆ ಎಂದು ಹೇಳಬೇಕಾದರೆ ಮೊದಲು ವಿಷವನ್ನು ನೀರಿನಿಂದ ಬಿಡಿಸಿ ಹೊರಗೆ ಎಳೆಯಬೇಕು. ಷಾದ್ಲಿಯ ದಾರಿ ಹಳೆಯದು: ನೀರಿಗೆ ದ್ರಾವಕ ಸುರಿದು, ಮರಸೇಬಿನ ಆಕಾರದ ಆಲಿಕೆಯಲ್ಲಿ ಕೈಯಿಂದ ಕುಲುಕುವುದು. ಎಣ್ಣೆಯ ಗುಣದ ವಿಷ ನೀರನ್ನು ಬಿಟ್ಟು ದ್ರಾವಕಕ್ಕೆ ಹೋಗುತ್ತದೆ, ನೀರಿಗಿಂತ ಭಾರವಾದ ದ್ರಾವಕ ತಳಕ್ಕೆ ಇಳಿಯುತ್ತದೆ, ನಲ್ಲಿ ತಿರುಗಿಸಿ ಅದನ್ನು ಇಳಿಸಿಕೊಳ್ಳುವುದು. ಪ್ರಯೋಗಾಲಯದ ಮೇಲಧಿಕಾರಿ ಮದಾಮ್ ಎಮ್ನಾ ಎರಡು ವರ್ಷದ ಹಿಂದೆ ಓದು ಮುಗಿಸಿ ಹೊರದೇಶದಿಂದ ಬಂದಾಗ ತಂದ ದಾರಿ ಹೊಸದು: ಬೆರಳುದ್ದದ ಕೊಳವೆಯಲ್ಲಿ ಬಿಳಿ ಪುಡಿ, ನೀರನ್ನು ಅದರ ಮೂಲಕ ಹೀರಿದರೆ ವಿಷ ಪುಡಿಗೆ ಕಚ್ಚಿಕೊಳ್ಳುತ್ತದೆ. ದ್ರಾವಕ ಕಡಿಮೆ ಸಾಕು, ಕುಲುಕಬೇಕಾಗಿಲ್ಲ. ಯಾವ ದಾರಿ ಒಳ್ಳೆಯದು ಎಂದು ಮೇಲಿನವರಿಗೆ ಬರೆದು ಕಳಿಸಬೇಕಿತ್ತು. ಹಾಗಾಗಿ ಕಳೆದ ಗುರುವಾರ ಸಂಜೆ ಹದಿನಾಲ್ಕು ಕಂದು ಬಾಟಲಿಗಳಲ್ಲಿ ಕಾಲುವೆಯ ನೀರು ತುಂಬಿ, ಪ್ರತಿಯೊಂದಕ್ಕೂ ಲೆಕ್ಕವಿಟ್ಟು ಒಂದಿಷ್ಟು ವಿಷ ಬೆರೆಸಿದರು. ಹಾಕಿದ್ದು ನೂರು ಪಾಲು ಎಂದರೆ ವಾಪಸು ಎಷ್ಟು ಸಿಕ್ಕಿತು? ಕೊಳವೆಗೆ ಆರು ಬಾಟಲಿ, ಕೈಗೆ ಆರು, ಒಡೆದುಹೋದರೆ ಇರಲಿ ಎಂದು ಇನ್ನೆರಡು.

ಸೋಮವಾರ ಅಂಕೆ ಬಂತು. ಕೊಳವೆಗೆ ಎಂಬತ್ತೇಳು. ಕೈಗೆ ಐವತ್ತೊಂದು.

ಕಾಗದವನ್ನು ಷಾದ್ಲಿ ಕೈಯಲ್ಲಿ ಹಿಡಿದು ಓದಿದರು, ಕನ್ನಡಕ ತೆಗೆದು ಓದಿದರು, ಹಾಕಿಕೊಂಡು ಓದಿದರು. ಕಾಗದವನ್ನು ಮೇಜಿನ ಮೇಲಿಟ್ಟು ತಮ್ಮ ಕೈಯನ್ನು ಓದಿದರು. ಮದಾಮ್ ಎಮ್ನಾ ಮೆಲ್ಲಗೆ, ಯಾವ ಕೇಡೂ ಬಯಸದೆ, "ವಯಸ್ಸು ಕಾಕಾ, ಕುಲುಕೋದು ಸುಲಭ ಅಲ್ಲ, ಅದಕ್ಕೇ ಅಲ್ವಾ ಹೊಸದು ಬಂದಿದ್ದು," ಎಂದಿದ್ದರು. ಆ ಮಾತಿನಲ್ಲಿ ಕರುಣೆಯಿತ್ತು. ಬೈದಿದ್ದರೆ ನೌಫಲ್ ಬಾಯಿ ಬಿಡುತ್ತಿದ್ದನೇನೋ. ಕರುಣೆಯ ಎದುರಿಗೆ ಅವನ ನಾಲಿಗೆ ಬಾಯೊಳಗೆ ಒದ್ದೆ ಚಿಂದಿಯ ಹಾಗೆ ಬಿದ್ದುಕೊಂಡಿತ್ತು. ಏಕೆಂದರೆ ಆ ಐವತ್ತೊಂದು ಕಾಕಾನ ಕೈಯದ್ದಲ್ಲ, ತನ್ನದು ಎಂದು ಅವನಿಗೆ ಶುಕ್ರವಾರದಿಂದಲೇ ಗೊತ್ತಿತ್ತು. ಇವತ್ತು ಬುಧವಾರ. ಸಂಜೆ ಐದಕ್ಕೆ ವರದಿ ಹೋಗುತ್ತದೆ. ಅದರ ಕೊನೆಯ ಪುಟದಲ್ಲಿ ಒಂದು ಸಾಲು ಇತ್ತು, ನಿನ್ನೆ ಕಸದಬುಟ್ಟಿಯಲ್ಲಿ ಬಿದ್ದಿದ್ದ ಕರಡಿನಲ್ಲಿ ಅವನು ಕೂಡಿಸಿ ಕೂಡಿಸಿ ಓದಿದ್ದ: ಕೈ ವಿಧಾನದ ಹಿಂದಿನ ಫಲಿತಾಂಶಗಳನ್ನು ಇನ್ನು ಮುಂದೆ ಆಧಾರವಾಗಿ ಬಳಸತಕ್ಕದ್ದಲ್ಲ. ಹಿಂದಿನ ಫಲಿತಾಂಶಗಳು ಎಂದರೆ ಕಪಾಟಿನಲ್ಲಿರುವ ಮೂವತ್ತೊಂದು ನೋಟುಪುಸ್ತಕಗಳು. ಒಂದೊಂದು ವರ್ಷಕ್ಕೆ ಒಂದೊಂದು. ಒಬ್ಬ ಮನುಷ್ಯನ ಮೂವತ್ತೊಂದು ವರ್ಷವನ್ನು ಒಂದು ಸಾಲಿನಲ್ಲಿ ತೊಳೆದು ಹಾಕಬಹುದು ಎಂದು ನೌಫಲ್‌ಗೆ ಅಲ್ಲಿಯವರೆಗೆ ತಿಳಿದಿರಲಿಲ್ಲ. ತೊಳೆಯುವ ಕೆಲಸ ತನ್ನದೊಬ್ಬನದೇ ಎಂದುಕೊಂಡಿದ್ದ.

ಕೆಫೆಯಿಂದ ಪ್ರಯೋಗಾಲಯಕ್ಕೆ ಬಂದು ತೊಟ್ಟಿಯ ಮುಂದೆ ನಿಂತು ತೊಳೆಯತೊಡಗಿದ. ಬಿಸಿನೀರಿನ ಹಬೆ ಕಿಟಕಿಗೆ ಅಡರಿ ಹೊರಗಿನ ಖರ್ಜೂರದ ಮರ ಮಸುಕಾಯಿತು. ಹದಿನಾಲ್ಕನೆಯ ವಯಸ್ಸಿನಲ್ಲಿ ಶಾಲೆ ಬಿಟ್ಟವನು. ಬಿಡಿಸಿದ್ದು ಯಾರೂ ಅಲ್ಲ. ಫ್ರೆಂಚ್ ಮೇಷ್ಟ್ರು ಅವನ ಉಚ್ಚಾರವನ್ನು ಇಡೀ ತರಗತಿಗೆ ಮಾಡಿ ತೋರಿಸಿ ನಗಿಸಿದ ದಿನ ಎದ್ದು ಬಂದವನು ಮತ್ತೆ ಹೋಗಲಿಲ್ಲ, ಅಷ್ಟೇ. ಆಮೇಲೆ ಬಂದರಿನಲ್ಲಿ ಮೀನಿನ ಪೆಟ್ಟಿಗೆ ತೊಳೆದ, ಗ್ಯಾರೇಜಿನಲ್ಲಿ ಬಿಡಿಭಾಗ ತೊಳೆದ, ಷಾದ್ಲಿ ಕಾಕಾ ಒಂದು ದಿನ ತಮ್ಮ ಸ್ಕೂಟರ್ ರಿಪೇರಿಗೆ ಬಂದವರು ಅವನು ತೊಳೆದಿಟ್ಟ ಕಾರ್ಬ್ಯುರೇಟರನ್ನು ಬೆಳಕಿಗೆ ಹಿಡಿದು ನೋಡಿ, "ನಿನಗೆ ಗಾಜು ತೊಳೆಯೋಕೆ ಬರುತ್ತಾ?" ಎಂದು ಕೇಳಿದ್ದರು. ಹನ್ನೊಂದು ವರ್ಷವಾಯಿತು. ಮೊದಲ ದಿನವೇ ಹೇಳಿಕೊಟ್ಟ ಪಾಠ: ಆಲಿಕೆಗೆ ನೀರು ಸುರಿದ ಮೇಲೆ ಖಾಲಿ ಬಾಟಲಿಯನ್ನು ಮುಟ್ಟಬೇಡ. ಈ ವಿಷಕ್ಕೆ ನೀರು ಕಂಡರೆ ಆಗದು, ಹಾಗಾಗಿ ಬಾಟಲಿಯ ಗೋಡೆಗೆ ಹೋಗಿ ಅಂಟಿಕೊಂಡು ಕೂರುತ್ತದೆ. ನೀರು ಸುರಿದುಬಿಟ್ಟರೂ ಅದು ಗಾಜಿನಲ್ಲೇ ಇರುತ್ತದೆ. ಮೊದಲು ದ್ರಾವಕ ಹಾಕಿ ಬಾಟಲಿಯನ್ನು ತಿರುಗಿಸಿ ತಿರುಗಿಸಿ ಅದನ್ನು ಕರೆದುಕೊಂಡು ಬರಬೇಕು. "ಬಲವಂತ ಮಾಡಬಾರದು, ಕರೀಬೇಕು," ಎಂದಿದ್ದರು. ಹೊಸ ಮದುವಣಗಿತ್ತಿಯನ್ನು ಕೋಣೆಯಿಂದ ಹೊರಗೆ ಕರೆದ ಹಾಗೆ ಮೂರು ಸಲ. ಆಗ ಇಬ್ಬರೂ ನಕ್ಕಿದ್ದರು, ನೌಫಲ್‌ಗೆ ಆಗ ಹತ್ತೊಂಬತ್ತು ವರ್ಷ.

ಶುಕ್ರವಾರ ಹನ್ನೊಂದು ಗಂಟೆಗೆ ಆರು ಬಾಟಲಿಯ ನೀರು ಆರು ಆಲಿಕೆಗೆ ಇಳಿದಿತ್ತು. ಖಾಲಿ ಬಾಟಲಿಗಳು ಸಾಲಾಗಿ ನಿಂತಿದ್ದವು, ಒಳಗೆಲ್ಲ ಕಪ್ಪು ಜಿಡ್ಡಿನ ಗೆರೆ ಇಳಿದು ಹೊಲಸಾಗಿದ್ದವು, ಹೊರಗೆ ನೀರು ಎಲ್ಲಿಯವರೆಗಿತ್ತು ಎಂದು ಅಳತೆಗಾಗಿ ಷಾದ್ಲಿ ಎಳೆದ ಬಿಳಿ ಗೆರೆ. ಹನ್ನೊಂದು ಎಂದರೆ ಷಾದ್ಲಿಯ ಕಣ್ಣಿಗೆ ಔಷಧಿಯ ಹನಿ ಹಾಕುವ ಹೊತ್ತು. ಕಣ್ಣಿನ ಪೊರೆ ತೆಗೆಸಿ ಮೂರು ವಾರವಾಗಿತ್ತು. ಕಾರಿಡಾರಿನ ಕುರ್ಚಿಯಲ್ಲಿ ಅವರ ತಲೆ ಹಿಂದಕ್ಕೆ ವಾಲಿಸಿ ನೌಫಲ್ ಎರಡೆರಡು ಹನಿ ಹಾಕಿದ. "ಐದು ನಿಮಿಷ ತೆರೀಬೇಡಿ." ಒಳಗೆ ಬರುವಷ್ಟರಲ್ಲಿ ಮದಾಮ್ ಎಮ್ನಾ ಬಾಗಿಲಲ್ಲಿ, ಧ್ವನಿ ತಗ್ಗಿಸಿ, "ರಾಜಧಾನಿಯಿಂದ ಬಂದಿದಾರೆ, ಮೆಟ್ಟಿಲು ಹತ್ತುತಿದಾರೆ, ಬೆಂಚಿನ ಮೇಲೆ ಕೊಳಕು ಕಾಣಬಾರದು," ಎಂದು ಹೋದರು. ಅವನು ನೋಡಿದ. ಕೊಳಕು ಎಂದರೆ ಆ ಆರು ಬಾಟಲಿ ಮಾತ್ರ. ಆರನ್ನೂ ತೊಟ್ಟಿಗೆ ಒಯ್ದ, ಬಿಸಿನೀರು, ಸೋಪು, ಕುಂಚ, ಹೊರಗಿನ ಗೆರೆ ಅಳಿಯದ ಹಾಗೆ ಒಳಗಷ್ಟೇ ಉಜ್ಜಿದ, ಅದೇ ಜಾಗದಲ್ಲಿ ಅದೇ ಸಾಲಿನಲ್ಲಿ ತಂದಿಟ್ಟ. ಎರಡು ನಿಮಿಷ. ಕೈ ತಾನಾಗಿ ಮಾಡಿತು. ತಲೆ ಎಲ್ಲಿತ್ತು? ತಲೆ ಮೆಟ್ಟಿಲಿನ ಮೇಲಿನ ಬೂಟುಗಳ ಸಪ್ಪಳದಲ್ಲಿತ್ತು.

ಬಂದವರು ನಾಲ್ಕು ಜನ. ಅವರಲ್ಲಿ ಒಬ್ಬ, ಬೂದು ಸೂಟಿನವನು, ಬೆಂಚನ್ನು ಬೆರಳಿನಿಂದ ಸವರಿ ಬೆರಳು ನೋಡಿಕೊಂಡು, ನೌಫಲ್‌ನ ಕಡೆ ತಿರುಗಿ ಫ್ರೆಂಚಿನಲ್ಲಿ ಏನೋ ಕೇಳಿದ. ಯಾವ ಕಾಲೇಜು ಎಂದು ಕೇಳಿದ್ದು ನೌಫಲ್‌ಗೆ ಅರ್ಥವಾಯಿತು. ಬಾಯಿ ತೆರೆದ. ಅವನಿಗಿಂತ ಮೊದಲು ಮದಾಮ್ ಎಮ್ನಾ ನಕ್ಕು, "ಇಲ್ಲ, ಇವನು ತೊಳೆಯೋಕೆ ಇರೋದು," ಎಂದರು. ಬೂದು ಸೂಟಿನವನು ಕ್ಷಮಿಸಿ ಎನ್ನುವ ಹಾಗೆ ತಲೆಯಾಡಿಸಿದ, ಕುರ್ಚಿಯೊಂದಕ್ಕೆ ಕಾಲು ತಾಗಿದಾಗ ಹೇಳುವಷ್ಟು ಕ್ಷಮೆ. ಆಗಲೇ ಷಾದ್ಲಿ ಕಣ್ಣೊರೆಸಿಕೊಳ್ಳುತ್ತ ಬಂದರು. ಹನಿಯಿಂದ ಮಂಜಾದ ಕಣ್ಣು, ಕಂದು ಗಾಜು, ಒಳಗೆ ಹೇಗೂ ಒದ್ದೆ ಇರಲೇಬೇಕಾದ ಬಾಟಲಿ. ಮೊದಲ ಬಾಟಲಿಗೆ ದ್ರಾವಕ ಸುರಿದು ತಿರುಗಿಸತೊಡಗಿದರು, ಅತಿಥಿಗಳ ಮುಂದೆ ಸ್ವಲ್ಪ ಹೆಚ್ಚೇ ಚೆಂದವಾಗಿ, ಮಣಿಕಟ್ಟನ್ನು ಬಳುಕಿಸಿ. ಆ ಕ್ಷಣದಲ್ಲಿ ನೌಫಲ್‌ಗೆ ತಾನು ಮಾಡಿದ್ದೇನೆಂದು ಹೊಳೆಯಿತು. ಅವರು ಕರೆಯುತ್ತಿದ್ದರು, ಕೋಣೆಯಲ್ಲಿ ಯಾರೂ ಇರಲಿಲ್ಲ. ಕಾಕಾ, ನಿಲ್ಲಿ, ಎನ್ನಬೇಕು. ಒಂದೇ ಮಾತು. ಆದರೆ ತೊಳೆಯುವವನು, ಈಗಷ್ಟೇ ನಾಲ್ಕು ಜನರ ಮುಂದೆ ತೊಳೆಯುವವನು ಎನಿಸಿಕೊಂಡವನು, ಏನು ತೊಳೆದೆ ಎಂದು ಹೇಗೆ ಹೇಳುವುದು? ತೊಳೆಯುವುದೊಂದೇ ಅವನ ಕೆಲಸ, ಅದನ್ನೂ ತಪ್ಪು ಮಾಡಿದ. ಬಾಯಿ ಮುಚ್ಚಿದ. ಷಾದ್ಲಿ ಆರು ಬಾಟಲಿಗೂ ಮೂರು ಮೂರು ಸಲ ದ್ರಾವಕ ಹಾಕಿ, ಏನೂ ಇಲ್ಲದ ಗೋಡೆಗಳನ್ನು ಅಷ್ಟು ಮಮತೆಯಿಂದ ಕರೆದರು.

"ಏ, ಆ ಬಾಟಲಿ ಕರಗಿ ಹೋಗುತ್ತೆ, ಸಾಕು ಬಿಡೋ."

ತೊಟ್ಟಿಯ ಮುಂದಿದ್ದ ನೌಫಲ್‌ನ ಹಿಂದೆ ಷಾದ್ಲಿ ನಿಂತಿದ್ದರು. ಕೈಯಲ್ಲಿ ಹನಿಯ ಪುಟ್ಟ ಶೀಷೆ. ಇವತ್ತೂ ಹನ್ನೊಂದಾಗಿತ್ತು.

ಕಾರಿಡಾರಿನ ಕುರ್ಚಿಗೆ ಬಂದು ಕೂತು ಅವರು ತಲೆ ಹಿಂದಕ್ಕೆ ಹಾಕಿದರು. ಗಂಟಲಿನ ಚರ್ಮ ಸಡಿಲವಾಗಿತ್ತು, ಕ್ಷೌರ ಮಾಡುವಾಗ ತಪ್ಪಿಸಿಕೊಂಡ ನಾಲ್ಕು ಬಿಳಿ ಕೂದಲು. ನೌಫಲ್ ಹೆಬ್ಬೆರಳಿನಿಂದ ಕೆಳ ರೆಪ್ಪೆಯನ್ನು ಎಳೆದು ಎರಡು ಹನಿ ಹಾಕಿದ, ಇನ್ನೊಂದಕ್ಕೂ ಹಾಕಿದ. ಕಣ್ಣು ಮುಚ್ಚಿಕೊಂಡವು. ಒಳಗೆ ಮದಾಮ್ ಎಮ್ನಾ ಅವರ ಹೀರುವ ಪಂಪು ಗುಂಯ್ ಎನ್ನುತ್ತಿತ್ತು. ಯಾವುದೋ ಬೇರೆ ನೀರು, ಮತ್ತೆ ಕೊಳವೆ ಕಟ್ಟಿಕೊಂಡಿರಬೇಕು. ಹಿಂದಿನ ವಾರವಾದರೆ ಷಾದ್ಲಿ, "ಮದಾಮ್ ಕೊಳವೆಗೆ ಇವತ್ತೂ ಮಲಬದ್ಧತೆ, ಎರಡು ಚಮಚ ಆಲಿವ್ ಎಣ್ಣೆ ಕುಡಿಸಿ," ಎನ್ನುತ್ತಿದ್ದರು. ಈಗ ಅನ್ನಲಿಲ್ಲ. ಐವತ್ತೊಂದು ಬಂದವನಿಗೆ ತಮಾಷೆ ಮಾಡುವ ಹಕ್ಕೂ ಹೋಗಿತ್ತು.

"ಕಾಕಾ, ಶುಕ್ರವಾರ ನಾನು ಬಾಟಲಿ ತೊಳೆದೆ."

"ದಿನಾ ತೊಳೀತೀಯ."

"ನೀವು ದ್ರಾವಕ ಹಾಕೋಕೆ ಮುಂಚೆ ತೊಳೆದೆ. ಆರೂ. ಸೋಪು ಹಾಕಿ."

ಷಾದ್ಲಿ ಕಣ್ಣು ತೆರೆಯಲಿಲ್ಲ. ಹನಿಯೊಂದು ಕಣ್ಣಿನ ಕೊನೆಯಿಂದ ಹೊರಟು ಕಿವಿಯ ಕಡೆ ಇಳಿಯಿತು. ಅದು ಔಷಧಿಯ ಹನಿ. ಔಷಧಿಯದ್ದೇ ಎಂದು ನೌಫಲ್ ತನಗೆ ಹೇಳಿಕೊಂಡ.

"ಗೆರೆ ಹಾಗೇ ಇತ್ತಲ್ಲ," ಎಂದರು.

"ಒಳಗೆ ಮಾತ್ರ ಉಜ್ಜಿದ್ದೆ."

"ಒಳಗೆ ಮಾತ್ರ," ಎಂದು ಅವರೂ ಹೇಳಿದರು. ಆಮೇಲೆ, "ಎಷ್ಟು ನಿಮಿಷ ಆಯ್ತು?"

"ಮೂರು."

"ಇನ್ನೂ ಎರಡಿದೆ."

ಆ ಎರಡು ನಿಮಿಷ ಅವರು ತಲೆ ವಾಲಿಸಿಕೊಂಡೇ ಕೂತರು. ನೌಫಲ್ ಪಕ್ಕದಲ್ಲಿ ಶೀಷೆ ಹಿಡಿದು ನಿಂತ. ಓಡಿಹೋಗಬಹುದಿತ್ತು. ಗೋಡೆಯ ಗಡಿಯಾರದಲ್ಲಿ ಕೆಂಪು ಮುಳ್ಳು ಎರಡು ಸುತ್ತು ಹಾಕಿತು. ಅಷ್ಟರಲ್ಲಿ ಷಾದ್ಲಿ ತೊಡೆಯ ಮೇಲಿದ್ದ ಬಲಗೈಯನ್ನು ಮೆಲ್ಲಗೆ ಎತ್ತಿದರು, ಕಣ್ಣು ಮುಚ್ಚಿಕೊಂಡೇ ಬೆರಳುಗಳನ್ನು ಅಗಲಿಸಿದರು, ಗಾಳಿಯಲ್ಲಿ ಹಾಗೇ ಹಿಡಿದರು. ಕೈ ಅಲ್ಲಾಡದೆ ನಿಂತಿತ್ತು. ಅದನ್ನು ಅವರು ನೋಡಲಿಲ್ಲ. ನೌಫಲ್ ನೋಡಿದ.

"ಸೋಮವಾರದಿಂದ ಮನೇಲಿ ಚಹಾ ಲೋಟ ಎತ್ತಿಲ್ಲ ನಾನು," ಎಂದರು ಕಣ್ಣು ತೆರೆದು. "ಜೊಹ್ರಾ ಮುಂದೆ ಕೈ ನಡುಗಿಬಿಟ್ರೆ ಅಂತ. ಅವಳು ಒಳಗೆ ಹೋಗೋವರೆಗೂ ಕಾದು, ಆರಿದ ಚಹಾ ಕುಡಿದೆ. ಏನ್ರೀ ಚಹಾ ಇಷ್ಟ ಆಗ್ಲಿಲ್ವಾ ಅಂತ ಕೇಳ್ತಾಳೆ. ನಲವತ್ತು ವರ್ಷದ ಮೇಲೆ ಹೆಂಡತಿ ಚಹಾಕ್ಕೆ ಹೆಸರಿಟ್ಟ ಹಾಗಾಯ್ತು."

"ಬೈಯಿರಿ ಕಾಕಾ."

"ಐದು ದಿನ. ಬೆಳಗ್ಗೆ ಕೆಫೇಲಿ ನೋಡಿದೆ ತಾನೇ ನೀನು? ಲಾರಿ ಹಿಂದೆ ನಿಂತಿದ್ದೆ. ಪೊರೆ ತೆಗೆಸಿದ ಕಣ್ಣು ಕಣೋ, ದೂರದ್ದು ಚೆನ್ನಾಗಿ ಕಾಣುತ್ತೆ." ಎದ್ದು ನಿಂತರು. ಕೈ ಚಾಚಿ ಶೀಷೆಯನ್ನು ಅವನ ಬೆರಳಿನಿಂದ ಬಿಡಿಸಿಕೊಂಡು ಜೇಬಿಗೆ ಹಾಕಿಕೊಂಡರು. "ಇನ್ನು ಮೇಲೆ ಹನಿ ನಾನೇ ಹಾಕ್ಕೋತೀನಿ."

ಬೈದಿದ್ದರೆ, ಹೊಡೆದಿದ್ದರೆ. ಆ ಶೀಷೆ ಕಿತ್ತುಕೊಂಡದ್ದು ಕೆನ್ನೆಗೆ ಬಿದ್ದದ್ದಕ್ಕಿಂತ ಹೆಚ್ಚು ಉರಿಯಿತು. ಹನ್ನೊಂದು ವರ್ಷದಲ್ಲಿ ಅವನ ಕೈಗೆ ಯಾರೂ ಗಾಜಲ್ಲದ್ದನ್ನು ಒಪ್ಪಿಸಿರಲಿಲ್ಲ, ಈ ಮುದುಕ ತನ್ನ ಕಣ್ಣನ್ನೇ ಒಪ್ಪಿಸಿದ್ದರು.

"ತಣ್ಣನೆ ಕೋಣೇಲಿ ಆ ಎರಡು ಬಾಟಲಿ ಇವೆಯಾ?"

"ಇವೆ. ಇವತ್ತಿಗೆ ಆರು ದಿನ. ಏಳರ ಮೇಲೆ ಕೆಲಸಕ್ಕೆ ಬರಲ್ಲ."

"ಗೊತ್ತು. ನಿನಗೆ ಹೇಳಿಕೊಟ್ಟಿದ್ದು ನಾನೇ," ಎಂದು ಷಾದ್ಲಿ ಒಳಗೆ ಹೊರಟರು.

ಮದಾಮ್ ಎಮ್ನಾ ಕಟ್ಟಿಕೊಂಡ ಕೊಳವೆಯನ್ನು ಬೆರಳಿನಿಂದ ತಟ್ಟುತ್ತಿದ್ದರು. ಕೂದಲು ಹಣೆಗೆ ಅಂಟಿತ್ತು, ಬೆಳಗ್ಗೆಯಿಂದ ಕೂತಿರಲಿಲ್ಲವೇನೋ. ಷಾದ್ಲಿ ಅವರ ಎದುರು ನಿಂತು, ಸಾಲ ಕೇಳುವವರ ಸಂಕೋಚದಿಂದ, "ಉಳಿದ ಎರಡು ಬಾಟಲಿ ನಾನು ಮಾಡ್ತೀನಿ ಮದಾಮ್. ಐದರೊಳಗೆ ಮುಗಿಯುತ್ತೆ," ಎಂದರು.

"ಯಾಕೆ ಕಾಕಾ? ಆಗಿದ್ದು ಆಯ್ತಲ್ಲ. ಯಾರೂ ನಿಮಗೆ ಏನೂ ಅಂದಿಲ್ಲ."

"ಶುಕ್ರವಾರ ಬಾಟಲಿ ಗೋಡೇನ ದ್ರಾವಕದಲ್ಲಿ ಸರಿಯಾಗಿ ತೊಳೀಲಿಲ್ಲ. ಕಣ್ಣಿಗೆ ಹನಿ ಹಾಕಿಸಿಕೊಂಡು ಬಂದಿದ್ದೆ, ಮಂಜಾಗಿತ್ತು. ತಪ್ಪು ನಂದು."

ನೌಫಲ್ ಬಾಗಿಲಲ್ಲಿ ನಿಂತಿದ್ದ. ಎಷ್ಟು ಸುಲಭವಾಗಿತ್ತು. ಮದಾಮ್ ಹೂಂ ಎನ್ನುತ್ತಾರೆ, ಎರಡು ಬಾಟಲಿ ಮಾಡುತ್ತಾರೆ, ಅಂಕೆ ಏರುತ್ತದೆ, ನೋಟುಪುಸ್ತಕಗಳು ಉಳಿಯುತ್ತವೆ, ಅವನ ಹೆಸರು ಎಲ್ಲಿಯೂ ಬರುವುದಿಲ್ಲ. ಮುಂದಿನ ತಿಂಗಳು ಅವನ ಕೆಲಸದ ಕರಾರು ಹೊಸದಾಗಬೇಕಿತ್ತು, ಅದೂ ಆಗುತ್ತದೆ. ಬರೀ ಒಬ್ಬ ಮುದುಕ ಕಣ್ಣು ಕಾಣದವನು ಎಂದು ಬರೆಯಿಸಿಕೊಳ್ಳುತ್ತಾನೆ. ಕೈ ಹೋಗಿ ಕಣ್ಣು ಬಂತು. ಇವರ ಮೈಯಲ್ಲಿ ಇನ್ನೆಷ್ಟು ಭಾಗ ನಾನು ತೊಳೆದುಹಾಕಬೇಕು ಎಂದು ನೌಫಲ್‌ಗೆ ಸಿಟ್ಟು ಬಂತು, ಯಾರ ಮೇಲೆಂದು ತಿಳಿಯದ ಸಿಟ್ಟು. ಷಾದ್ಲಿಯ ಮೇಲೂ.

"ಅವರು ಸುಳ್ಳು ಹೇಳ್ತಿದಾರೆ," ಎಂದ. "ಬಾಟಲಿ ತೊಳೆದಿದ್ದು ನಾನು. ಅವರು ದ್ರಾವಕ ಹಾಕೋ ಹೊತ್ತಿಗೆ ಒಳಗೆ ಏನೂ ಇರ್ಲಿಲ್ಲ."

ಷಾದ್ಲಿ ತಿರುಗಿ, "ನಿನ್ನ ಬಾಯಿಗೆ ಬೀಗ ಹಾಕು," ಎಂದರು. ಮದಾಮ್ ಎಮ್ನಾ ಪಂಪು ನಿಲ್ಲಿಸಿದರು. ಕೋಣೆ ಒಮ್ಮೆಗೆ ದೊಡ್ಡದಾಯಿತು.

"ತೊಳೀಬಾರದು ಅಂತ ಗೊತ್ತಿತ್ತಾ ನಿನಗೆ?"

"ಹನ್ನೊಂದು ವರ್ಷದಿಂದ ಗೊತ್ತು."

"ಮತ್ತೆ ಅಲ್ಲೇ ಹೇಳೋದಲ್ವಾ? ನಾನು ಅಲ್ಲೇ ನಿಂತಿದ್ದೆ."

"ನೀವು ನಿಂತಿದ್ರಿ. ಆ ಬೂದು ಸೂಟಿನವರಿಗೆ, ಇವನು ತೊಳೆಯೋಕೆ ಇರೋದು ಅಂದ್ರಿ. ತೊಳೆಯೋನು ನಡುವೆ ಬಾಯಿ ಹಾಕಿದ್ರೆ ಹೇಗೆ ಅಂತ ಸುಮ್ಮನಿದ್ದೆ."

ಇಷ್ಟು ಜೋರಾಗಿ ಹೇಳಬೇಕೆಂದು ಅವನು ಅಂದುಕೊಂಡಿರಲಿಲ್ಲ. ಗಾಜಿನ ಕಪಾಟು ಸಣ್ಣಗೆ ಝೇಂಕರಿಸಿತು. ಮದಾಮ್ ಎಮ್ನಾ ಅವನನ್ನೇ ನೋಡುತ್ತಿದ್ದರು. ಮುಖ ಕೆಂಪಾಯಿತು, ಆ ಕೆಂಪು ಕೋಪದ್ದೆಂದು ನೌಫಲ್ ಕಾದ. "ಹಾಗಂದೆನಾ ನಾನು?" ಎಂದು ಅವರು ಕೇಳಿದ್ದು ಷಾದ್ಲಿಯನ್ನು. ಷಾದ್ಲಿ ಶುಕ್ರವಾರ ಆ ಹೊತ್ತಿಗೆ ಅಲ್ಲಿರಲಿಲ್ಲ, ಕಾರಿಡಾರಿನಲ್ಲಿ ಕಣ್ಣು ಮುಚ್ಚಿಕೊಂಡು ಕೂತಿದ್ದರು. ಮದಾಮ್ ಎಮ್ನಾ ಕೈಗವಸನ್ನು ಒಂದೊಂದೇ ಬೆರಳಿನಿಂದ ಎಳೆದು ತೆಗೆದರು.

"ಕಾಕಾ, ನಿಮ್ಮ ವಿಧಾನದ ಹಾಳೆ ಕೊಡಿ."

ಹಾಳೆ ಮೂವತ್ತೊಂದು ವರ್ಷ ಹಳೆಯದು, ಷಾದ್ಲಿಯ ಅಕ್ಷರ, ಅಂಚೆಲ್ಲ ಎಣ್ಣೆ ಕುಡಿದು ಪಾರದರ್ಶಕವಾಗಿತ್ತು. ಎಮ್ನಾ ಮೇಲಿನಿಂದ ಕೆಳಗಿನವರೆಗೆ ಬೆರಳಿಟ್ಟು ಓದಿದರು. "ಇದರಲ್ಲಿ ಬಾಟಲಿ ಗೋಡೆ ಮಾತೇ ಇಲ್ಲವಲ್ಲ."

"ಅದನ್ನ ಬರೀಬೇಕಾ ಮದಾಮ್? ಊಟ ಆದ ಮೇಲೆ ತಟ್ಟೇಲಿ ಉಳಿದ ಎಣ್ಣೇನ ರೊಟ್ಟೀಲಿ ಒರೆಸ್ಕೊಂಡು ತಿನ್ನಿ ಅಂತ ಯಾರಾದ್ರೂ ಬರೆದು ಕೊಡ್ತಾರಾ?"

ಎಮ್ನಾಗೆ ನಗು ತಡೆಯಲಾಗಲಿಲ್ಲ. ಸ್ಫಾಕ್ಸ್‌ನ ಹುಡುಗಿ ತಾನೇ ಅವರೂ, ಅವರ ಅಜ್ಜಿಯೂ ತಟ್ಟೆಯನ್ನು ಕನ್ನಡಿಯಾಗುವವರೆಗೆ ಒರೆಸಿರಬೇಕು. "ಬರೀಬೇಕು ಕಾಕಾ. ನಿಮ್ಮ ನಂತರ ಬರೋರು ನಿಮ್ಮ ಮನೇಲಿ ಊಟ ಮಾಡಿರಲ್ವಲ್ಲ." ಪೆನ್ನನ್ನು ಷಾದ್ಲಿಗೆ ಕೊಡಲು ಹೋದವರು ಕೈಯನ್ನು ಸ್ವಲ್ಪ ತಿರುಗಿಸಿ ನೌಫಲ್‌ನ ಮುಂದೆ ಹಿಡಿದರು. "ನೀನು ಬರಿ. ನಿನಗೆ ಗೊತ್ತಿರೋ ಹಾಗೆ."

ಅವನು ಬಗ್ಗಿ ಬರೆದ. ಅಕ್ಷರಗಳು ದೊಡ್ಡದಾಗಿ, ಒಂದಕ್ಕೊಂದು ಕೈಹಿಡಿಯದೆ ಬಂದವು. ಮೇಷ್ಟ್ರು ಹಿಂದೆ ನಿಂತಿದ್ದಾರೆ ಎನಿಸಿತು. ಬರೆದದ್ದು ಇಷ್ಟು: ಖಾಲಿ ಬಾಟಲಿಗೆ ನೀರು ತಾಗಿಸಬಾರದು. ಮೊದಲು ದ್ರಾವಕ. ಮೂರು ಸಲ. ಯಾರೂ ನಗಲಿಲ್ಲ.

ಎರಡು ಬಾಟಲಿಯ ಕಪ್ಪು ನೀರು ಎರಡು ಆಲಿಕೆಗೆ ಇಳಿಯಿತು. ಷಾದ್ಲಿ ಅವನೊಂದಿಗೆ ಮಾತಾಡಲಿಲ್ಲ, ಹಿಡಿ, ಕೊಡು, ಸರಿ ಎನ್ನುವ ಮೂರು ಪದ ಬಿಟ್ಟು. ಮೊದಲ ಬಾಟಲಿಗೆ ದ್ರಾವಕ ಸುರಿದು ತಿರುಗಿಸಿದರು, ಹಣ್ಣು ಕಳಿತ ಹಾಗೆ ಸಿಹಿ ವಾಸನೆ ಎದ್ದಿತು, ಗಾಜಿನ ಒಳಗೋಡೆಯ ಜಿಡ್ಡು ಗೆರೆ ಗೆರೆಯಾಗಿ ಕರಗಿ ಇಳಿಯಿತು. ಎರಡನೆಯ ಬಾಟಲಿಯನ್ನು ಅವನ ಕೈಗೆ ಕೊಟ್ಟು, "ಹಿಡಿ," ಎಂದರು. ಅವನು ತಿರುಗಿಸಿದ. ಮೂರು ಸಲ. ಆಮೇಲೆ ಷಾದ್ಲಿ ಆಲಿಕೆಯನ್ನು ಎತ್ತಿಕೊಂಡರು, ಒಂದು ಕೈ ಕುತ್ತಿಗೆಗೆ, ಇನ್ನೊಂದು ತಳಕ್ಕೆ, ಮೇಜಿನ ಮೇಲೆ, ಎಲ್ಲರ ಕಣ್ಣಿಗೆ ಕಾಣುವ ಹಾಗೆ. ಕುಲುಕಿ, ತಲೆಕೆಳಗು ಮಾಡಿ, ನಲ್ಲಿಯನ್ನು ಗೋಡೆಯ ಕಡೆ ತಿರುಗಿಸಿ ತೆರೆದರು, ಒಳಗೆ ಕಟ್ಟಿಕೊಂಡಿದ್ದ ಗಾಳಿ ಉಸ್ ಎಂದು ಹೋಯಿತು. ಮತ್ತೆ ಕುಲುಕಿದರು. ಕಾಲುವೆಯ ನೀರಿನ ಸೋಪೂ ಗಾಣದ ಜಿಡ್ಡೂ ಸೇರಿ ನಡುವೆ ಮೊಸರಿನಂಥ ನೊರೆ ಕಟ್ಟಿತು, ಮೇಲಿನದು ಮೇಲೆ ಹೋಗದು, ಕೆಳಗಿನದು ಕೆಳಗೆ ಬಾರದು. ಅದಕ್ಕೆ ಒಂದು ಹಿಡಿ ಉಪ್ಪು ಹಾಕಿ, ಎರಡೂ ಅಂಗೈಯನ್ನು ಆಲಿಕೆಯ ಹೊಟ್ಟೆಗೆ ಒತ್ತಿ ಹಿಡಿದು ನಿಂತರು, ಜ್ವರ ಬಂದ ಮಗುವಿನ ಕೆನ್ನೆ ಹಿಡಿದ ಹಾಗೆ. ಬಹಳ ಹೊತ್ತು. ಮದಾಮ್ ಎಮ್ನಾ ತಮ್ಮ ಕೊಳವೆಗಳನ್ನು ಬಿಟ್ಟು ಬಂದು ನೋಡುತ್ತ ನಿಂತರು. ಕೈಯ ಬಿಸಿಗೆ ನೊರೆ ಒಡೆದು ಒಂದು ಸಣ್ಣ ತೆರವು ಕಂಡಿತು, ಅದು ಅಗಲವಾಯಿತು, ದ್ರಾವಕ ಕಂದು ಬಣ್ಣವಾಗಿ ತಳಕ್ಕೆ ಇಳಿದು ಕೂತಿತು. ಬೆರಳು ಒಂದು ಸಲವೂ ನಡುಗಲ್ಲ ಎಂದು ನೌಫಲ್ ಮನಸ್ಸಿನಲ್ಲೇ ಪ್ರತಿ ನಿಮಿಷ ಹೇಳಿಕೊಳ್ಳುತ್ತಿದ್ದ, ಹೇಳುವುದು ನಿಲ್ಲಿಸಿದರೆ ನಡುಗಿಬಿಡಬಹುದು ಎನ್ನುವವನ ಹಾಗೆ.

ಯಂತ್ರ ಅಂಕೆ ಕೊಟ್ಟಾಗ ನಾಲ್ಕೂವರೆ. ಎಮ್ನಾ ಕಾಗದ ಹಿಡಿದು ಬಾಗಿಲಲ್ಲಿ ನಿಂತು ಓದಿದರು. "ಎಂಬತ್ತೈದು. ಎಂಬತ್ತಮೂರು."

ಷಾದ್ಲಿ ಕೋಟು ಹಾಕಿಕೊಳ್ಳುತ್ತಿದ್ದರು. ಒಂದು ತೋಳು ಒಳಗೆ, ಒಂದು ಹೊರಗೆ, ಹಾಗೇ ನಿಂತರು. "ನಿಮ್ಮ ಕೊಳವೆ ಬರಲಿ ಮದಾಮ್. ಒಳ್ಳೇದೇ. ಇಷ್ಟು ದ್ರಾವಕ ಮೂಗಿಗೆ ಹೋಗೋದು ತಪ್ಪುತ್ತೆ. ಕರಡಿನ ಕೊನೇ ಪುಟದಲ್ಲಿ ನೋಡಿದೆ, ಆ ಒಂದು ಸಾಲು ಮಾತ್ರ ಬೇಡ."

"ಹೊಡೆದು ಹಾಕಿದೀನಿ ಕಾಕಾ." ಹೋಗುತ್ತ ಹೋಗುತ್ತ ಎಮ್ನಾ ನೌಫಲ್‌ನ ಕಡೆ ನೋಡಿದರು. ಆ ದಿನ ತಾವು ಬಳಸಿದ ಆರು ಬಾಟಲಿಗಳನ್ನು ತಾವೇ ತೊಟ್ಟಿಯವರೆಗೆ ಒಯ್ದಿಟ್ಟು ಹೋದರು. ಅದಕ್ಕೆ ಏನು ಬೆಲೆ ಕಟ್ಟಬೇಕೋ ನೌಫಲ್‌ಗೆ ತಿಳಿಯಲಿಲ್ಲ. ಅವನು ತೊಳೆದ.

ತೊಳೆದು ಹೊರಗೆ ಬಂದಾಗ ಐದಾಗಿತ್ತು. ಕಾರಿಡಾರಿನ ಕುರ್ಚಿಯಲ್ಲಿ ಷಾದ್ಲಿ ತಲೆ ಹಿಂದಕ್ಕೆ ವಾಲಿಸಿ, ಶೀಷೆಯನ್ನು ಮುಖದ ಮೇಲೆ ಎತ್ತಿ ಹಿಡಿದಿದ್ದರು. ಹನಿ ಬಿತ್ತು, ಹುಬ್ಬಿಗೆ. ಮತ್ತೊಂದು ಬಿತ್ತು, ಮೂಗಿನ ಬದಿಗೆ. ಕೈ ನಡುಗುತ್ತಿರಲಿಲ್ಲ. ಹನಿ ಬೀಳುವ ಹೊತ್ತಿಗೆ ಸರಿಯಾಗಿ ಕಣ್ಣು ಮುಚ್ಚಿಕೊಳ್ಳುತ್ತಿದ್ದವು, ಅಷ್ಟೇ. ತನ್ನ ಕಣ್ಣಿಗೆ ತಾನೇ ಹನಿ ಹಾಕಿಕೊಳ್ಳುವ ಯಾರ ಕಣ್ಣಾದರೂ ಹಾಗೇ. ನೌಫಲ್ ಹತ್ತು ಹೆಜ್ಜೆ ಆಚೆ ಗೋಡೆಗೆ ಒರಗಿ ನಿಂತ. ಮೂರನೆಯ ಹನಿ ಕಿವಿಗೆ ಹೋಯಿತು.

"ಜೊಹ್ರಾ ಇವತ್ತು ಚಹಾಕ್ಕೆ ಬಾದಾಮಿ ಹಾಕಿರ್ತಾಳೆ," ಎಂದರು ಷಾದ್ಲಿ ಸೂರಿಗೆ ಹೇಳುವ ಹಾಗೆ. "ಬಿಸಿ ಬಿಸಿ ಕುಡೀಬೇಕು. ಹೊತ್ತಾಗುತ್ತೆ."

ತಲೆ ಎತ್ತಲಿಲ್ಲ, ಅವನ ಕಡೆ ನೋಡಲಿಲ್ಲ. ಶೀಷೆ ಹಿಡಿದ ಕೈಯನ್ನು ಮಾತ್ರ ಪಕ್ಕಕ್ಕೆ ಚಾಚಿ, ಅಂಗೈ ತೆರೆದು, ಹಾಗೇ ಹಿಡಿದರು.